ಸತ್ಯಾಂಶ: ಮಕ್ಕಳ ಆಟದಿಂದಲೇ ಊರಿಗೆಲ್ಲ ನೀರು ಬರುತ್ತದಾ?

ಆಫ್ರಿಕಾದ ಶಾಲೆಯಲ್ಲಿ ಮಕ್ಕಳು ಚಕ್ರ ತಿರುಗಿಸಿ ಆಡುತ್ತಾರೆ, ಬೋರ್‌ವೆಲ್ ನೀರು ಟ್ಯಾಂಕಿಗೆ ಏರುತ್ತದೆ, ಇಡೀ ಊರಿಗೆ ಸಾಕಾಗುತ್ತದೆ ಅನ್ನುವ ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಚಕ್ರ ನಿಜ. ಹೆಸರು ಪ್ಲೇಪಂಪ್, ಶುರುವಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ. ಊರಿಗೆಲ್ಲ ಸಾಕಾಗುತ್ತದೆ ಅನ್ನುವುದು ಮಾತ್ರ ಸುಳ್ಳು. ಒಂದು ಪಂಪಿನಿಂದ 2,500 ಜನಕ್ಕೆ ನೀರು ಅಂತ ಇದನ್ನು ಹಾಕಿಸುತ್ತಿದ್ದವರು ಹೇಳಿದ್ದರು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿದರೆ, ಅದಕ್ಕೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಿತ್ತು! ಮಾಮೂಲಿ ಆಟದ ಚಕ್ರ ಒಮ್ಮೆ ನೂಕಿದರೆ ಸುತ್ತುತ್ತಿರುತ್ತದೆ, ಇದು ನೀರೆತ್ತಬೇಕಲ್ವಾ, ನೂಕುತ್ತಲೇ ಇರಬೇಕು. ಮಕ್ಕಳಿಗೆ ಸುಸ್ತು. ರಜೆ ಬಂದರೆ ಹೆಂಗಸರೇ ಬಗ್ಗಿ ತಿರುಗಿಸಬೇಕು. ಬೆಲೆಯೂ ಕೈಪಂಪಿಗಿಂತ ಜಾಸ್ತಿ. 2010ರೊಳಗೆ 4,000 ಪಂಪು ಹಾಕುವ ಯೋಜನೆ ಗುರಿ ಮುಟ್ಟಲೇ ಇಲ್ಲ. ಮೊಜಾಂಬಿಕ್‌ನ ಕೆಲವು ಊರುಗಳ ಜನ ನಮಗೆ ಹಳೆಯ ಕೈಪಂಪೇ ಸಾಕು ಅಂದರು.