ಸತ್ಯಾಂಶ: ಆಧಾರ್ ಅಪ್‌ಲೋಡ್ ಮಾಡಿದರೆ ಪೌರತ್ವ ಸಿಗುತ್ತಾ?

"ಆಧಾರ್ ಅಪ್‌ಲೋಡ್ ಮಾಡಿ ಸಾಕು, ವಿದೇಶಿ ಸೊಸೆಗೂ ಭಾರತದ ಪೌರತ್ವ ಮೊಬೈಲಿಗೇ ಬರುತ್ತೆ!" ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮೆಸೇಜ್ ನಂಬಬೇಡಿ.

ಆಧಾರ್ ಕೊಡುವುದು ಇಲ್ಲಿ ವಾಸ ಇರುವವರಿಗೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯರಿಗೂ ಅದು ಸಿಗುತ್ತದೆ. ಅದು ಪೌರತ್ವಕ್ಕೆ ಪುರಾವೆ ಅಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ. ಹೊಸ ಕಾರ್ಡುಗಳ ಮೇಲೂ ಇದನ್ನು ಅಚ್ಚು ಹಾಕಿರುತ್ತಾರೆ. ನಾವು ಓದಲ್ಲ, ಅಷ್ಟೆ.

ಪೌರತ್ವಕ್ಕೆ ಯಾವ ದಾಖಲೆ ಬೇಕು ಅನ್ನುವುದು ಪೌರತ್ವ ಕಾಯ್ದೆಯ ಯಾವ ಸೆಕ್ಷನ್ನಿನಲ್ಲಿ ಅರ್ಜಿ ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಭಾರತೀಯರನ್ನು ಮದುವೆಯಾದವರು ಸಾಮಾನ್ಯವಾಗಿ 7 ವರ್ಷ ಇಲ್ಲಿ ನೆಲೆಸಿರಬೇಕು. ಅವರ ದೇಶದ ಪಾಸ್‌ಪೋರ್ಟ್, ಇಲ್ಲಿರಲು ಕೊಟ್ಟ ಪರ್ಮಿಟ್, ಮದುವೆ ಸರ್ಟಿಫಿಕೇಟ್, ಜೊತೆಗೆ ಗಂಡ ಅಥವಾ ಹೆಂಡತಿ ಭಾರತೀಯರೇ ಅನ್ನುವುದಕ್ಕೆ ದಾಖಲೆ ಬೇಕು. ಕೊನೆಯದನ್ನೇ ಜನ ಜಾಸ್ತಿ ಮರೆಯುವುದು, ಮನೆಯವರದ್ದಲ್ವಾ ಅಂತ! ಫಾರ್ಮ್ ಆನ್‌ಲೈನ್ ಆದರೂ ಪರಿಶೀಲನೆ, ವಿಚಾರಣೆ ತಪ್ಪಲ್ಲ. ನಿಷ್ಠೆಯ ಪ್ರಮಾಣವಚನವನ್ನೂ ಮಾಡಬೇಕು.

ಮದುವೆ ಸಂಬಂಧವಿಲ್ಲದೆ, ಬರೀ ದೀರ್ಘ ವಾಸದ ಮೇಲೆ ಕೇಳುವವರಿಗೆ ಇನ್ನೊಂದು ಷರತ್ತಿದೆ. ಸಂವಿಧಾನದ 8ನೇ ಪರಿಚ್ಛೇದದಲ್ಲಿ ಪಟ್ಟಿ ಮಾಡಿರುವ ಭಾಷೆಗಳಲ್ಲಿ ಒಂದಾದರೂ ಸಾಕಷ್ಟು ಬರಬೇಕು. ಕನ್ನಡ ಬಂದರೂ ನಡೆಯುತ್ತದೆ.