ಎತ್ತಿನ ತಲೆ, ಮನೆ, ಅಂಗೈ

ನನ್ನ ತಂಗಿಯ ಮಗ ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾನೆ, ಅದರಲ್ಲೂ ಸ್ವರಗಳನ್ನೆಲ್ಲ ನುಂಗಿ. ‘ಎಂ, ವಿ’ ಎರಡೇ ಒತ್ತಿದರೆ ಅದು ‘ಮಾವ’. ಮೊದಮೊದಲು ರೇಗುತ್ತಿತ್ತು. ಈಗ ಸುಮ್ಮನಿರುತ್ತೇನೆ. ಮೂರು ಸಾವಿರ ವರ್ಷದ ಹಿಂದೆ ಈಗಿನ ಲೆಬನಾನ್ ಕರಾವಳಿಯ ಟೈರ್, ಸಿಡಾನ್, ಬಿಬ್ಲೋಸ್ ಬಂದರುಗಳಲ್ಲಿ ಫಿನೀಷಿಯನ್ನರು ಬರೆಯುತ್ತಿದ್ದದ್ದೂ ಹೀಗೇ. 22 ಅಕ್ಷರ, ಎಲ್ಲವೂ ವ್ಯಂಜನ, ಸಾಲು ಬಲದಿಂದ ಎಡಕ್ಕೆ. ‘ಮ್, ರ್’ ಎಂದು ಬರೆದಿದ್ದರೆ ಮರವೋ, ಮಾರಿಯೋ, ಮೂರೋ, ಮೋರೆಯೋ, ಓದುವವನೇ ಹಿಂದುಮುಂದು ನೋಡಿ ತಿಳಿದುಕೊಳ್ಳಬೇಕು. ಅವರ ನುಡಿಯಲ್ಲಿ ಪದದ ಬೇರು ವ್ಯಂಜನದಲ್ಲೇ ಇದ್ದುದರಿಂದ ಹೇಗೋ ನಡೆಯುತ್ತಿತ್ತು. ಕನ್ನಡಕ್ಕೆ ಇದು ಆಗಿಬರುವುದಿಲ್ಲ ಅಂತ ನಮ್ಮ ಹುಡುಗನಿಗೆ ಯಾರಾದರೂ ಹೇಳಿ.

ಈ ಬಗೆಯ ಅಕ್ಷರಮಾಲೆ ಕಂಡುಹಿಡಿದವರೇ ಫಿನೀಷಿಯನ್ನರು ಎಂದು ಬಾಯಿಪಾಠ ಮಾಡಿದವರು ನಾವು. ಅದು ಅಷ್ಟು ಸರಿಯಲ್ಲ. ಅದಕ್ಕೂ ನೂರಾರು ವರ್ಷ ಮೊದಲೇ, ಸಿನಾಯ್ ಮರುಭೂಮಿಯ ಸೆರಾಬಿತ್ ಎಲ್ ಖಾದಿಮ್ ಎಂಬಲ್ಲಿ, ವೈಡೂರ್ಯದಂಥ ನೀಲಿ-ಹಸಿರು ಕಲ್ಲಿನ ಗಣಿಯ ಬಳಿ, ಯಾರೋ ಈಜಿಪ್ಟಿನ ಚಿತ್ರಗಳನ್ನು ಎರವಲು ಪಡೆದು ತಮ್ಮ ಮಾತನ್ನು ಗೀಚಿಟ್ಟಿದ್ದರು. 1905ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಪೆಟ್ರಿ ಅಲ್ಲಿ ಅಗೆದಾಗ ಅವು ಸಿಕ್ಕವು. ಎತ್ತಿನ ತಲೆ ಬರೆದರೆ ‘ಆಲೆಫ್’, ಅಂದರೆ ಎತ್ತು. ಆ ಹೆಸರಿನ ಮೊದಲ ಸದ್ದೇ ಅಕ್ಷರದ ಸದ್ದು. ಬೇತ್ ಮನೆ, ದಾಲೆತ್ ಬಾಗಿಲು, ಮೇಮ್ ನೀರು, ಅಯಿನ್ ಕಣ್ಣು. ರೈತನ ಅಂಗಳದಲ್ಲಿ ನಿಂತು ಕಂಡದ್ದನ್ನೆಲ್ಲ ಎಣಿಸಿದ ಹಾಗಿದೆ. ಇಂಗ್ಲಿಷಿನ ದೊಡ್ಡ ‘ಎ’ ಬರೆದು ಕಾಗದವನ್ನು ತಲೆಕೆಳಗು ಮಾಡಿ ನೋಡಿ, ಕೊಂಬು ಈಗಲೂ ಕಾಣುತ್ತದೆ. ಫಿನೀಷಿಯನ್ನರು ಈ ಚಿತ್ರಗಳನ್ನು ಸವೆಸಿ ಗೆರೆ ಮಾಡಿದರು, ಹಡಗು ಹೋದಲ್ಲೆಲ್ಲ ಒಯ್ದರು. ಸೈಪ್ರಸ್, ಸಾರ್ಡಿನಿಯಾ, ಉತ್ತರ ಆಫ್ರಿಕಾದಲ್ಲಿ ಅವರೇ ಕಟ್ಟಿದ ಕಾರ್ತೇಜ್, ಸ್ಪೇನಿನ ಕಾಡಿಸ್.

ಅವರು ಎಂಥ ಜನ ಎಂಬುದಕ್ಕೆ ನನಗೆ ಇಷ್ಟವಾದ ಚಿತ್ರ ಈಜಿಪ್ಟಿನ ಒಂದು ಪಪೈರಸ್, ಅಂದರೆ ಜೊಂಡಿನ ಹಾಳೆಯ, ಸುರುಳಿಯಲ್ಲಿದೆ. ಕ್ರಿ.ಪೂ. 1100ರ ಆಸುಪಾಸು. ವೆನಾಮುನ್ ಎಂಬ ದೇವಸ್ಥಾನದ ಅಧಿಕಾರಿ ದೇವರ ದೋಣಿಗೆ ಸೀಡರ್ ಮರ ತರಲು ಬಿಬ್ಲೋಸಿಗೆ ಹೊರಡುತ್ತಾನೆ. ದಾರಿಯಲ್ಲಿ ಅವನದೇ ಹಡಗಿನವನೊಬ್ಬ ಬೆಳ್ಳಿ ಕದ್ದು ಪರಾರಿ. ಬರಿಗೈಯಲ್ಲಿ ಬಂದವನಿಗೆ ಅಲ್ಲಿನ ದೊರೆ ಜಕರ್‌ಬಾಲ 29 ದಿನವೂ ಹೇಳಿಕಳಿಸಿದ್ದು ಒಂದೇ ಮಾತು: ನನ್ನ ಬಂದರಿನಿಂದ ತೊಲಗು! ಕೊನೆಗೂ ಭೇಟಿಯಾದಾಗ ದೊರೆ ಮಹಡಿಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ, ಅವನ ತಲೆಯ ಹಿಂದೆ ಸಮುದ್ರದ ಅಲೆ ಒಡೆಯುತ್ತಿತ್ತು. ‘ನಿಮ್ಮಪ್ಪ, ನಿಮ್ಮ ತಾತ ಮರ ಕೊಟ್ಟಿದ್ದರಲ್ಲ’ ಎಂದು ವೆನಾಮುನ್ ರಾಗ ತೆಗೆದ. ಕೊಟ್ಟಿದ್ದರು, ದುಡ್ಡಿಗೆ ಕೊಟ್ಟಿದ್ದರು ಅಂದ ದೊರೆ, ಪಿತ್ರಾರ್ಜಿತ ಕಡತ ತರಿಸಿ ಅವನೆದುರೇ ಓದಿಸಿದ. ಸಾವಿರ ದೆಬೆನ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 90 ಕಿಲೋ, ಜಮಾ ಆಗಿತ್ತು. ದೇವರ ಹೆಸರು ಹೇಳಿದರೂ ಉದ್ರಿ ಇಲ್ಲ. ಈಜಿಪ್ಟಿನಿಂದ ಚಿನ್ನ, ಬೆಳ್ಳಿ, 500 ಎತ್ತಿನ ಚರ್ಮ, 500 ಸುರುಳಿ ಪಪೈರಸ್, 20 ಮೂಟೆ ಬೇಳೆಕಾಳು ಬಂದಿಳಿದ ಮೇಲೆಯೇ ಕೊಡಲಿ ಎದ್ದದ್ದು. ಇದು ನಡೆದದ್ದೋ ಕಟ್ಟಿದ ಕಥೆಯೋ ಎಂದು ವಿದ್ವಾಂಸರು ಕಿತ್ತಾಡುತ್ತಾರೆ. ಏನಾದರಾಗಲಿ, ಕಡತ ಬಿಚ್ಚಿ ಬಾಯಿ ಮುಚ್ಚಿಸುವ ಆ ದೊರೆಯಂಥ ಸಾಹುಕಾರರನ್ನು ನಾನೂ ಕಂಡಿದ್ದೇನೆ.

ಹಾಗಾದರೆ ಲೆಕ್ಕಪತ್ರದ ಅನುಕೂಲಕ್ಕೇ ಗ್ರೀಕರು ಇವರಿಂದ ಅಕ್ಷರ ಕಲಿತರು ಅಂತ ಎಲ್ಲರೂ ಸಲೀಸಾಗಿ ಬರೆಯುತ್ತಾರೆ. ನನಗೆ ತಕರಾರಿರುವುದು ಇಲ್ಲೇ. ಕ್ರಿ.ಪೂ. ಎಂಟನೇ ಶತಮಾನದ ಗ್ರೀಕ್ ಬರಹಗಳಲ್ಲಿ ಲೆಕ್ಕ ಎಲ್ಲಿದೆ? ಅಥೆನ್ಸಿನ ಒಂದು ಹೂಜಿಯ ಮೇಲೆ, ಚೆನ್ನಾಗಿ ಕುಣಿದವನಿಗೆ ಇದು ಅಂತಿದೆ. ಇಟಲಿಯ ಇಸ್ಕಿಯಾ ದ್ವೀಪದ ಗೋರಿಯೊಂದರಲ್ಲಿ 1954ರಲ್ಲಿ ಸಿಕ್ಕ ಮಣ್ಣಿನ ಬಟ್ಟಲಿನ ಮೇಲೆ, ಇದರಲ್ಲಿ ಕುಡಿದವನಿಗೆ ತಕ್ಷಣ ಮೋಹ ಹತ್ತುತ್ತದೆ ಎಂಬ ಪೋಲಿ ಪದ್ಯ, ಅದೂ ಫಿನೀಷಿಯನ್ನರ ಹಾಗೆ ಬಲದಿಂದ ಎಡಕ್ಕೆ. ನನ್ನ ಊಹೆ ಇಷ್ಟೇ: ಯಾರೂ ಯಾರಿಗೂ ಪಾಠ ಮಾಡಲಿಲ್ಲ. ಒಂದೇ ಬಂದರಿನಲ್ಲಿ ಅಕ್ಕಪಕ್ಕ ಕೂತು ಕುಡಿದವರು ಕಣ್ಣಳತೆಯಲ್ಲೇ ಕಲಿತರು. ಇಪ್ಪತ್ತೆರಡೇ ತಾನೆ, ನಾಲ್ಕು ಸಂಜೆಯ ಕೆಲಸ.

ಕಲಿತದ್ದೂ ಅರೆಬರೆ. ‘ಆಲೆಫ್’ ಶುರುವಾಗುವುದು ಗಂಟಲು ಹಿಡಿದು ಬಿಡುವ ಒಂದು ವ್ಯಂಜನದಿಂದ. ಗ್ರೀಕರಿಗೆ ಆ ಸದ್ದು ಇರಲೇ ಇಲ್ಲ. ಅವರ ಕಿವಿಗೆ ಬಿದ್ದದ್ದು ಬರೀ ‘ಅ’. ಹಾಗೆ ವ್ಯಂಜನವೊಂದು ಸ್ವರವಾಗಿ ಕೂತಿತು. ‘ಅಯಿನ್’ ಕಣ್ಣು ಹೋಗಿ ‘ಒ’ ಆಯಿತು. ಮರಕ್ಕೂ ಮೋರೆಗೂ ವ್ಯತ್ಯಾಸ ಬರೆದು ತೋರಿಸುವುದು ಆ ಕಡೆಯವರಿಗೆ ಸಾಧ್ಯವಾದದ್ದು ಹೀಗೆ, ಸರಿಯಾಗಿ ಕೇಳಿಸದೆ ಹೋದದ್ದರಿಂದ.

ಇಷ್ಟೆಲ್ಲ ಹಂಚಿದವರ ಸ್ವಂತ ಪುಸ್ತಕವೊಂದೂ ಉಳಿದಿಲ್ಲ. ಕರಾವಳಿಯ ತೇವಕ್ಕೆ ಪಪೈರಸ್ ಕೊಳೆತು ಹೋಯಿತು. ಕಾರ್ತೇಜಿನ ಮಾಗೋ ಬೇಸಾಯದ ಬಗ್ಗೆ ಬರೆದ 28 ಸಂಪುಟಗಳನ್ನು ರೋಮಿನ ಸೆನೆಟ್ ಲ್ಯಾಟಿನ್ನಿಗೆ ಮಾಡಿಸಿತಂತೆ, ಆ ಊರನ್ನು ಸುಟ್ಟ ಮೇಲೆ. ಅದೂ ಈಗ ಬೇರೆಯವರು ಉದ್ಧರಿಸಿದ ಚೂರುಪಾರು ಮಾತ್ರ. ಉಳಿದದ್ದು ಕಲ್ಲಿನ ಮೇಲಿನದು. ಬಿಬ್ಲೋಸಿನ ದೊರೆ ಅಹಿರಾಮನ ಕಲ್ಲಿನ ಶವಪೆಟ್ಟಿಗೆಯ ಮೇಲೆ, ಇದನ್ನು ತೆರೆದವನ ಸಿಂಹಾಸನ ಮಗುಚಿಬೀಳಲಿ ಎಂದಿದೆ. ನಮ್ಮ ದಾನಶಾಸನಗಳ ಶಾಪಾಶಯ ಓದಿದವರಿಗೆ ಈ ಧಾಟಿ ಹೊಸದೇನಲ್ಲ.

ನಮ್ಮ ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಗೂ ಇವರಿಗೂ ನಂಟಿದೆಯೋ ಇಲ್ಲವೋ, ಆ ಜಗಳ ಇನ್ನೂ ಮುಗಿದಿಲ್ಲ, ನಾನು ತಲೆ ಹಾಕುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಪದವಿದೆ. ಅಶೋಕನ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು ಮುಗಿಸಿದ ಚಪಡ ಎಂಬ ಲಿಪಿಕಾರ, ತನ್ನ ಹೆಸರಿನ ಮುಂದಿನ ‘ಲಿಪಿಕರೇಣ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಅರಮಾಯಿಕ್ ಲಿಪಿಯ ಮಗಳು, ಅರಮಾಯಿಕ್ ಫಿನೀಷಿಯನ್ ಲಿಪಿಯ ಮಗಳು. ಆ ಲಿಪಿ ಬಳಕೆಯಲ್ಲಿದ್ದ ವಾಯವ್ಯ ಭಾರತದಲ್ಲಿ ಕಲಿತು ಬಂದವನಿರಬೇಕು. ನೋಡಿ, ನನಗೆ ಇದೂ ಬರುತ್ತದೆ ಎಂದು ತೋರಿಸಿಕೊಳ್ಳುವ ಆಸೆ ಅವನಿಗೂ ಇತ್ತು.

ಇಷ್ಟನ್ನೂ ನಿನ್ನೆ ರಾತ್ರಿ ಸೋದರಳಿಯನಿಗೆ ಕಳಿಸಿದೆ. ನೀಲಿ ಟಿಕ್ ಬಿತ್ತು. ಬಹಳ ಹೊತ್ತಿನ ಮೇಲೆ ಉತ್ತರ ಬಂತು, ಒಂದೇ ಅಕ್ಷರ: ‘ಕೆ’. ಫಿನೀಷಿಯನ್ನರ ಕಾಫ್ ಅದು. ಅಂಗೈ.