ಸ್ಪಷ್ಟನೆ: ಕಾಲುಸಂಕಕ್ಕೆ ಒಪ್ಪಿಗೆ ಕೊಟ್ಟರೆ ಜಾಗ ಕೈತಪ್ಪುವುದಿಲ್ಲ

ಗ್ರಾಮ ಪಂಚಾಯಿತಿಯ ಅನುದಾನದಿಂದ ಖಾಸಗಿ ತೋಟದ ಅಂಚಿನಲ್ಲಿ ಕಾಲುಸಂಕ (ತೋಡು, ಹಳ್ಳ ದಾಟುವ ಕಿರುಸೇತುವೆ) ಅಥವಾ ಕಾಲುದಾರಿ ನಿರ್ಮಿಸಿದರೆ ಆ ಜಾಗವೇ ಸರ್ಕಾರದ ಪಾಲಾಗುತ್ತದೆ ಎಂಬ ಸಂದೇಶವೊಂದು ಉಡುಪಿ ಜಿಲ್ಲೆಯ ಹಳ್ಳಿಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಸ್ಥಿರಾಸ್ತಿಯನ್ನು ದಾನವಾಗಿ ಕೊಡಬೇಕಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಮಿನಂತೆ ನೋಂದಾಯಿತ ದಾನಪತ್ರವೇ ಬೇಕು. ಬರಿಯ ಒಪ್ಪಿಗೆ ಪತ್ರದಿಂದ ಮಾಲೀಕತ್ವ ಬದಲಾಗದು, ಮತ್ತು ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. ಜನರ ಆತಂಕಕ್ಕೆ ಮೂಲ ಬಹುಶಃ ಬೇರೆಯದೇ ನಿಯಮ. 1882ರ ಈಸ್‌ಮೆಂಟ್ ಕಾಯ್ದೆಯ (ಇನ್ನೊಬ್ಬರ ಜಾಗವನ್ನು ದಾರಿ ಮುಂತಾದವಕ್ಕೆ ಬಳಸುವ ಹಕ್ಕಿನ ಕಾಯ್ದೆ) 15ನೇ ಕಲಮಿನಂತೆ, 20 ವರ್ಷ ಅಡೆತಡೆಯಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಹಕ್ಕಿನಿಂದಲೇ ನಡೆದಾಡಿದ ದಾರಿಗೆ ನಡೆದಾಡುವ ಹಕ್ಕು ಸ್ಥಿರವಾಗಬಹುದು. ಆದರೆ ಅದು ಹೋಗಿಬರುವ ಹಕ್ಕಷ್ಟೇ, ನೆಲದ ಒಡೆತನವಲ್ಲ. ಅನುದಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಅನುಮತಿ ಪಡೆದು ನಡೆಯುವವರಿಗೆ ಆ ಹಕ್ಕೂ ಹುಟ್ಟುವುದಿಲ್ಲವಾದ್ದರಿಂದ, ಒಪ್ಪಿಗೆಯನ್ನು ಷರತ್ತುಗಳೊಂದಿಗೆ ಬರಹದಲ್ಲಿ ಕೊಡುವುದೇ ಮಾಲೀಕರಿಗೆ ಕ್ಷೇಮ.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಪಾಚಿಗಟ್ಟಿದ ಅಡಿಕೆ ಮರದ ದಿಮ್ಮಿಯ ಮೇಲೆ, ಒಂದು ಕೈಯಲ್ಲಿ ಕೊಡೆ ಹಿಡಿದು ತೋಡು ದಾಟುವ ಮಕ್ಕಳು ಇಂದಿಗೂ ಇದ್ದಾರೆ. ಸುಳ್ಳು ಸಂದೇಶವನ್ನು ನಂಬಿ ಒಪ್ಪಿಗೆ ತಡೆಹಿಡಿದವರು ದಯವಿಟ್ಟು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಬೇಕು.